ಲೋಕಲ್‌ನಿಂದ ಠಾಣೆಯವರೆಗೆ: ಪ್ರಯಾಣದಲ್ಲಿ ಲೈಂಗಿಕ ಕಿರುಕುಳವನ್ನು ತಡೆಯಲು, ಎದುರಿಸಲು ಮುಂಬಯಿ ಕನ್ನಡಿಗರಿಗೊಂದು ಮಾರ್ಗದರ್ಶಿ

ಊರಿನಿಂದ ಕೆಲಸಕ್ಕೋ ಓದಿಗೋ ಮುಂಬಯಿಗೆ ಬರುವ ಹುಡುಗಿಗೆ ಡೊಂಬಿವಲಿಯ ಚಿಕ್ಕಮ್ಮನೋ ಮುಲುಂಡಿನ ಅತ್ತೆಯೋ ಮೊದಲ ವಾರದಲ್ಲೇ ಲೋಕಲ್ ರೈಲಿನ ಪಾಠ ಹೇಳಿಕೊಡುತ್ತಾರೆ. ಯಾವುದು ಫಾಸ್ಟ್, ಯಾವುದು ಸ್ಲೋ, ದಾದರಿನಲ್ಲಿ ಇಳಿಯುವುದಿದ್ದರೆ ಎಷ್ಟು ಮೊದಲೇ ಬಾಗಿಲ ಹತ್ತಿರ ಬಂದು ನಿಲ್ಲಬೇಕು, ಪರ್ಸು ಎಲ್ಲಿಡಬೇಕು ಎಂಬುದೆಲ್ಲ ಅದರಲ್ಲಿರುತ್ತದೆ. ಗರ್ದಿಯಲ್ಲಿ ಯಾರಾದರೂ ಮೈಮೇಲೆ ಕೈಹಾಕಿದರೆ ಏನು ಮಾಡಬೇಕೆಂಬ ಪಾಠ ಮಾತ್ರ "ಹುಷಾರಾಗಿರು" ಎಂಬ ಒಂದೇ ಮಾತಿನಲ್ಲಿ ಮುಗಿದುಹೋಗುತ್ತದೆ. ಹುಷಾರಾಗಿರುವುದೆಂದರೆ ಏನು, ಯಾರಿಗೆ ಫೋನು ಮಾಡುವುದು, ಠಾಣೆಯಲ್ಲಿ ಏನು ಹೇಳುವುದು, ಏನನ್ನು ಬರೆಸಿಕೊಳ್ಳುವುದು ಎಂಬುದನ್ನು ಮೊದಲೇ ತಿಳಿದಿದ್ದರೆ ಆ ಗಳಿಗೆಯಲ್ಲಿ ಯೋಚಿಸಬೇಕಾದದ್ದು ಕಡಿಮೆಯಾಗುತ್ತದೆ. ಆ ಉದ್ದೇಶದಿಂದಲೇ ಇದನ್ನು ಹೆಜ್ಜೆಹೆಜ್ಜೆಯಾಗಿ ಬರೆದಿದ್ದೇನೆ.

ಮೊದಲ ಹೆಜ್ಜೆ: ಯಾವುದು ಅಪರಾಧವೆಂದು ತಿಳಿದಿರುವುದು

2024ರ ಜುಲೈ 1ರಿಂದ ಹಳೆಯ ದಂಡ ಸಂಹಿತೆಯ ಜಾಗದಲ್ಲಿ ಭಾರತೀಯ ನ್ಯಾಯ ಸಂಹಿತೆ ಜಾರಿಯಲ್ಲಿದೆ. ಮಹಿಳೆಯ ಮಾನಕ್ಕೆ ಭಂಗ ತರುವ ಉದ್ದೇಶದಿಂದ ಮೈಮುಟ್ಟುವುದು, ಎಳೆಯುವುದು, ಬಲಪ್ರಯೋಗ ಮಾಡುವುದು ಅದರ 74ನೆಯ ಕಲಂ ಪ್ರಕಾರ ಕನಿಷ್ಠ 1 ವರ್ಷದಿಂದ 5 ವರ್ಷದವರೆಗೆ ಶಿಕ್ಷೆಗೆ ಅರ್ಹವಾದ, ಜಾಮೀನುರಹಿತ ಅಪರಾಧ. ಬೇಡವೆಂದರೂ ಲೈಂಗಿಕ ಇರಾದೆಯಿಂದ ಮೈಮೇಲೆ ಬೀಳುವುದು, ಅಶ್ಲೀಲ ಚಿತ್ರ ತೋರಿಸುವುದು, ಅಂಥ ಮಾತಾಡುವುದು 75ನೆಯ ಕಲಮಿಗೆ ಬರುತ್ತವೆ. ಬೇಡವೆಂದರೂ ದಿನಾಲೂ ಹಿಂಬಾಲಿಸುವುದು 78ಕ್ಕೆ, ಮಾತು ಮತ್ತು ಸನ್ನೆಯಿಂದ ಅವಮಾನಿಸುವುದು 79ಕ್ಕೆ ಸೇರುತ್ತವೆ. ಮಹಿಳೆಯರಿಗೆ ಮೀಸಲಾದ ಡಬ್ಬಿಗೆ ಗಂಡಸು ನುಗ್ಗಿದರೆ, ಅವನು ಬೇರೇನೂ ಮಾಡದಿದ್ದರೂ, 1989ರ ರೈಲ್ವೆ ಕಾಯ್ದೆಯ 162ನೆಯ ಕಲಂ ಅನ್ವಯಿಸುತ್ತದೆ.

ಕಲಮುಗಳ ಸಂಖ್ಯೆಯನ್ನು ಬಾಯಿಪಾಠ ಮಾಡುವ ಅಗತ್ಯವಿಲ್ಲ. 74 ಎಂಬುದೊಂದು ನೆನಪಿದ್ದರೆ ಸಾಕು. ಠಾಣೆಯಲ್ಲಿ ಅದು ಏಕೆ ಬೇಕಾಗುತ್ತದೆಂಬುದು ಮುಂದೆ ಬರುತ್ತದೆ.

ಗರ್ದಿಯ ನೂಕಾಟ ಯಾವುದು, ಬೇಕೆಂದೇ ಮುಟ್ಟಿದ್ದು ಯಾವುದು ಎಂದು ಹೇಗೆ ತಿಳಿಯುವುದೆಂಬ ಪ್ರಶ್ನೆಯನ್ನು ಹೊಸಬರೆಲ್ಲ ಕೇಳುತ್ತಾರೆ. ಕುರ್ಲಾದಲ್ಲಿ ಹತ್ತುವ ಜನ ಒಬ್ಬರ ಮೇಲೊಬ್ಬರು ಬೀಳುವುದು ನಿಜ. ಆದರೆ ನೂಕಾಟದಲ್ಲಿ ತಾಗಿದ ಕೈ ಗಾಡಿ ಹೊರಟು ಜನ ನೆಲೆನಿಂತ ಕೂಡಲೇ ಸರಿದುಹೋಗುತ್ತದೆ. ನೀವು ಬ್ಯಾಗನ್ನು ನಡುವೆ ತಂದಿಟ್ಟ ಮೇಲೂ, ಅರ್ಧ ತಿರುಗಿ ನಿಂತ ಮೇಲೂ ಅದೇ ಕೈ ಬೇರೆ ದಾರಿ ಹುಡುಕಿಕೊಂಡು ಬಂದರೆ ಅಲ್ಲಿ ಅನುಮಾನಕ್ಕೆ ಜಾಗವಿಲ್ಲ.

ಎರಡನೆಯ ಹೆಜ್ಜೆ: ಮನೆಯಿಂದ ಹೊರಡುವ ಮೊದಲಿನ ಸಿದ್ಧತೆ

ಫೋನಿನಲ್ಲಿ ಕೆಲವು ಸಂಖ್ಯೆಗಳು ಇರಲೇಬೇಕು. 112 ಎಲ್ಲ ತುರ್ತಿಗೂ, 139 ರೈಲ್ವೆಯ ಸಹಾಯವಾಣಿಗೆ, 1512 ಮುಂಬಯಿಯ ರೈಲ್ವೆ ಪೊಲೀಸರಿಗೆ. ಮುಂಬಯಿ ನಗರ ಪೊಲೀಸರು ಮಹಿಳೆಯರಿಗಾಗಿ ಇಟ್ಟಿರುವ ಸಂಖ್ಯೆ 103. ಬಸ್ಸು, ರಸ್ತೆ, ಟ್ಯಾಕ್ಸಿಗಳ ವಿಷಯಕ್ಕೆ ಅದು ಉಪಯೋಗಕ್ಕೆ ಬರುತ್ತದೆ. ಫೋನಿನ ತುರ್ತು ಬಟನ್ ಅನ್ನು ಮನೆಯವರ ಅಥವಾ ಗೆಳತಿಯ ನಂಬರಿಗೆ ಜೋಡಿಸಿ, ಒಮ್ಮೆ ಒತ್ತಿ ನೋಡಿ. ಲೋಕಲ್‌ನ ಗರ್ದಿಯಲ್ಲಿ ಫೋನು ಹೊರತೆಗೆಯಲು ಕೈಯೇ ಏಳುವುದಿಲ್ಲ ಎಂಬುದನ್ನೂ ಮರೆಯಬಾರದು. ಹಾಗಾಗಿ ಫೋನನ್ನು ಬ್ಯಾಗಿನ ತಳದಲ್ಲಿಡದೆ, ಮುಂದೆ ತೂಗುಹಾಕಿಕೊಂಡ ಬ್ಯಾಗಿನ ಮೇಲಿನ ಖಾನೆಯಲ್ಲಿಡುವುದು ಒಳ್ಳೆಯದು.

ಸೇಫ್ಟಿ ಪಿನ್ನಿನ ಬಗ್ಗೆ ಒಂದು ಮಾತು ಹೇಳಬೇಕು. ಮುಂಬಯಿಯ ಹೆಂಗಸರ ಪರ್ಸಿನಲ್ಲಿ ಪಿನ್ನು ತಲೆಮಾರುಗಳಿಂದ ಇದೆ. ಅದಕ್ಕೆ ನನ್ನ ತಕರಾರಿಲ್ಲ. ಆದರೆ ಚುಚ್ಚಿಸಿಕೊಂಡವನು ಸುಮ್ಮನೆ ಮುಂದಿನ ಡಬ್ಬಿಗೆ ಹೋಗಿ ಇನ್ನೊಬ್ಬರ ಹಿಂದೆ ನಿಲ್ಲುತ್ತಾನೆ, ಗುರಿತಪ್ಪಿದರೆ ಪಕ್ಕದ ಬಡಪಾಯಿಗೆ ಚುಚ್ಚುತ್ತದೆ. ಪೆಪ್ಪರ್ ಸ್ಪ್ರೇಯಂತೂ ತುಂಬಿದ ಡಬ್ಬಿಯಲ್ಲಿ, ಕಿಟಕಿ ಮುಚ್ಚಿದ ಎಸಿ ಬಸ್ಸಿನಲ್ಲಿ ನಿಮ್ಮ ಕಣ್ಣನ್ನೂ ಸೇರಿಸಿ ಎಲ್ಲರ ಕಣ್ಣನ್ನೂ ಉರಿಸುತ್ತದೆ. ನಿರ್ಜನ ರಸ್ತೆಗೆ ಅದನ್ನು ಇಟ್ಟುಕೊಳ್ಳಿ, ಲೋಕಲ್‌ಗೆ ಬೇಡ.

ಮೂರನೆಯ ಹೆಜ್ಜೆ: ಎಲ್ಲಿ ಹತ್ತಬೇಕು, ಎಲ್ಲಿ ನಿಲ್ಲಬೇಕು

ಚರ್ಚ್‌ಗೇಟ್‌ನಿಂದ ಬೋರಿವಲಿಗೆ ಇಡೀ ಗಾಡಿಯೇ ಮಹಿಳೆಯರಿಗಾಗಿ ಓಡಿದ್ದು 1992ರ ಮೇ 5ರಂದು. ಆಮೇಲೆ ಲೇಡೀಸ್ ಸ್ಪೆಷಲ್‌ಗಳು ಹೆಚ್ಚಿದರೂ ಬಹುಪಾಲು ಹೆಂಗಸರು ಓಡಾಡುವುದು ಮಾಮೂಲಿ ಗಾಡಿಗಳ ಲೇಡೀಸ್ ಡಬ್ಬಿಗಳಲ್ಲಿ. ಅವುಗಳಲ್ಲಿ ಕೆಲವು ಇಡೀ ದಿನ ಮೀಸಲು, ಕೆಲವು ನಿಗದಿತ ವೇಳೆಯಲ್ಲಿ ಮಾತ್ರ ಮೀಸಲು. ಡಬ್ಬಿಯ ಹೊರಮೈಮೇಲೆ ವೇಳೆಯನ್ನು ಬರೆದಿರುತ್ತಾರೆ. ಓದದೆ ಹತ್ತಿದವರು ರಾತ್ರಿ ಅದೇ ಡಬ್ಬಿಯಲ್ಲಿ ಗಂಡಸರನ್ನು ಕಂಡು ಗಾಬರಿಯಾಗುತ್ತಾರೆ. ದಿನಾ ಓಡಾಡುವವರು ನಿಮ್ಮ ನಿಲ್ದಾಣದಲ್ಲಿ 24 ಗಂಟೆಯ ಡಬ್ಬಿ ಎಲ್ಲಿ ಬಂದು ನಿಲ್ಲುತ್ತದೆಂದು ಪ್ಲಾಟ್‌ಫಾರ್ಮಿನ ಒಂದು ಕಂಬವನ್ನೋ ಸ್ಟಾಲನ್ನೋ ಗುರುತಿಟ್ಟುಕೊಳ್ಳಿ.

ಲೇಡೀಸ್ ಡಬ್ಬಿಯನ್ನೂ ಪಕ್ಕದ ಜನರಲ್ ಡಬ್ಬಿಯನ್ನೂ ಕಬ್ಬಿಣದ ಜಾಲರಿ ಬೇರ್ಪಡಿಸುವ ಕಡೆ ಆಚೆ ಬದಿಯಿಂದ ಇಣುಕುವವರು, ಅಸಹ್ಯ ಸನ್ನೆ ಮಾಡುವವರು, ಕದ್ದು ಫೋಟೊ ತೆಗೆಯುವವರು ಇರುತ್ತಾರೆ. ಡಬ್ಬಿ ಖಾಲಿಯಿದ್ದರೆ ಜಾಲರಿಗೆ ಒತ್ತಿಕೊಂಡ ಸೀಟನ್ನು ಬಿಟ್ಟು ಬೇರೆ ಹೆಂಗಸರ ನಡುವೆ ಕುಳಿತುಕೊಳ್ಳುವುದು ಮೇಲು.

ರಾತ್ರಿಯ ನಿಯಮ ಹಗಲಿಗಿಂತ ಬೇರೆ. ಬೆಳಿಗ್ಗೆ ಅಪಾಯವಿರುವುದು ಗರ್ದಿಯಲ್ಲಾದರೆ, ತಡರಾತ್ರಿ ಅಪಾಯವಿರುವುದು ಖಾಲಿ ಡಬ್ಬಿಯಲ್ಲಿ. ಗಾಡಿ ಹೊರಡುವ ಕ್ಷಣದಲ್ಲಿ ಯಾರೋ ಹಾರಿ ಹತ್ತುತ್ತಾರೆ, ಮುಂದಿನ ನಿಲ್ದಾಣದವರೆಗೆ ನೀವಿಬ್ಬರೇ ಇರಬೇಕಾಗುತ್ತದೆ. ರಾತ್ರಿ ವೇಳೆ ಲೇಡೀಸ್ ಡಬ್ಬಿಗಳಿಗೆ ಪೊಲೀಸರನ್ನೋ ಹೋಮ್‌ಗಾರ್ಡ್‌ಗಳನ್ನೋ ಹಾಕುವ ವ್ಯವಸ್ಥೆಯಿದೆ. ಅವರು ಇರುವ ಡಬ್ಬಿಯನ್ನೇ ಹುಡುಕಿ ಹತ್ತಿ. ಅವರಿಲ್ಲ, ಹೆಂಗಸರೂ ಇಲ್ಲವೆಂದಾದರೆ ಸಂಸಾರಸ್ಥರು ಕುಳಿತಿರುವ ಜನರಲ್ ಡಬ್ಬಿಯೇ ವಾಸಿ ಎಂಬುದು ನನ್ನ ಅಭಿಪ್ರಾಯ. ಕೆಲವು ಗಾಡಿಗಳ ಲೇಡೀಸ್ ಡಬ್ಬಿಗಳಲ್ಲಿ ಗಾರ್ಡಿನ ಜೊತೆ ಮಾತಾಡುವ ಬಟನ್ ಇರುತ್ತದೆ. ಕುಳಿತ ಕೂಡಲೇ ಅದೆಲ್ಲಿದೆಯೆಂದು ಒಮ್ಮೆ ನೋಡಿಟ್ಟುಕೊಳ್ಳಿ.

ಇನ್ನೊಂದು ರಕ್ಷಣೆಗೆ ಖರ್ಚೇ ಇಲ್ಲ. ಒಂದೇ ಗಾಡಿಗೆ, ಒಂದೇ ಡಬ್ಬಿಗೆ ಹೋಗುವ ಹೆಂಗಸರ ಗುಂಪುಗಳು ಮುಂಬಯಿಯಲ್ಲಿ ಎಲ್ಲೆಡೆ ಇವೆ: ಭಜನೆ ಮಾಡುವವರು, ಸಂಜೆಯ ಪಲ್ಯಕ್ಕೆ ಬೀನ್ಸ್ ಬಿಡಿಸುವವರು, ದಸರೆಗೆ ಡಬ್ಬಿಗೆ ಹೂವು ಕಟ್ಟುವವರು. ನಾಲ್ಕು ದಿನ ಅದೇ ಗಾಡಿಗೆ ಹೋಗಿ ಮುಗುಳ್ನಕ್ಕರೆ ಅವರೇ ಮಾತಾಡಿಸುತ್ತಾರೆ. ಹೊಸ ಹುಡುಗಿ ಒಂದು ದಿನ ಕಾಣದಿದ್ದರೆ "ಆಜ್ ಕುಠೆ?" (ಇವತ್ತು ಎಲ್ಲಿ?) ಎಂದು ಮೆಸೇಜು ಮಾಡುವಷ್ಟು ಬಳಕೆ ಬೇಗ ಬೆಳೆಯುತ್ತದೆ.

ನಾಲ್ಕನೆಯ ಹೆಜ್ಜೆ: ಮೊದಲ ಒಂದು ನಿಮಿಷ

ಕಿರುಕುಳ ಕೊಡುವವನು ನಂಬಿಕೊಂಡಿರುವುದು ನಿಮ್ಮ ಸಂಕೋಚವನ್ನು ಮತ್ತು ಸುತ್ತಲಿನವರಿಗೆ ಏನೂ ತಿಳಿಯದಿರುವುದನ್ನು. ಎರಡನ್ನೂ ಒಟ್ಟಿಗೆ ಕೆಡವುವ ದಾರಿಯೆಂದರೆ ಗಟ್ಟಿಯಾಗಿ, ಆದರೆ ನಿರ್ದಿಷ್ಟವಾಗಿ ಮಾತಾಡುವುದು. ಬರೀ ಚೀರಿದರೆ ಜನ ನಿಮ್ಮ ಕಡೆ ನೋಡುತ್ತಾರೆ. ಅಂಗಿಯ ಬಣ್ಣ ಹೇಳಿ ಕೂಗಿದರೆ ಅವನ ಕಡೆ ನೋಡುತ್ತಾರೆ. "ನೀಲಿ ಶರ್ಟು, ಕೈ ತೆಗಿ" ಎನ್ನುವುದಕ್ಕೆ ಮರಾಠಿಯಲ್ಲಿ "ಹಾತ್ ಕಾಢ್" ಎಂದರೆ ಸಾಕು; ಹಿಂದೆ ಸರಿಯೆನ್ನಲು "ಮಾಗೇ ವ್ಹಾ". ಮರಾಠಿ ಬಾಯಿಗೆ ಬಾರದಿದ್ದರೆ ಕನ್ನಡದಲ್ಲೇ ಕೂಗಿ. ಕೂಗಿದ ದನಿಯನ್ನೂ ತೋರಿಸಿದ ಬೆರಳನ್ನೂ ಯಾವ ಭಾಷೆಯವರೂ ಅರ್ಥಮಾಡಿಕೊಳ್ಳುತ್ತಾರೆ. "ನಿಮಗೆ ಮನೆಯಲ್ಲಿ ಅಕ್ಕತಂಗಿಯರಿಲ್ಲವೇ" ಎಂಬ ಪ್ರಶ್ನೆ ಬೇಡ, ಅದು ಅವನಿಗೆ ವಾದಕ್ಕೆ ದಾರಿ ಮಾಡಿಕೊಡುತ್ತದೆ. ಅವನು "ಗರ್ದಿ ಇದೆ, ಟ್ಯಾಕ್ಸಿಯಲ್ಲಿ ಹೋಗಿ" ಎನ್ನುತ್ತಾನೆ. ಉತ್ತರ ಕೊಡದೆ ಅದೇ ವಾಕ್ಯವನ್ನು ಮತ್ತೊಮ್ಮೆ ಹೇಳಿ.

ಆ ಕ್ಷಣದಲ್ಲಿ ಬಾಯೇ ಬಾರದೆ ಮರಗಟ್ಟಿ ನಿಲ್ಲುವುದೂ ಸಹಜ. ಭಯದಲ್ಲಿ ದೇಹ ಹಾಗೆಯೇ ವರ್ತಿಸುತ್ತದೆ. ಕೂಗಲಿಲ್ಲವೆಂಬ ಕಾರಣಕ್ಕೆ ಅಪರಾಧ ಅಪರಾಧವಲ್ಲದೆ ಹೋಗುವುದಿಲ್ಲ. ಹಾಗಾದಾಗ ಪಕ್ಕದ ಒಬ್ಬರ ತೋಳು ಹಿಡಿದುಕೊಳ್ಳಿ. ಅದೂ ಸಾಧ್ಯವಾಗದಿದ್ದರೆ ಮುಂದಿನ ನಿಲ್ದಾಣದಲ್ಲಿ ಇಳಿದು ಡಬ್ಬಿ ಬದಲಾಯಿಸಿ, ದೂರನ್ನು ಆಮೇಲೆ ಕೊಡಿ. ಅವನ ಕೈಯಲ್ಲಿ ಚಾಕು, ಬ್ಲೇಡು ಇದ್ದರೆ ಅಥವಾ ಜೊತೆಗೆ ಇನ್ನಿಬ್ಬರಿದ್ದರೆ ಎದುರಿಸುವ ಹಟ ಬೇಡ. ಬಾಗಿಲಿನಿಂದ ದೂರ ಸರಿಯುವುದೇ ಮೊದಲ ಕೆಲಸ, ಏಕೆಂದರೆ ಓಡುವ ಲೋಕಲ್‌ನ ತೆರೆದ ಬಾಗಿಲಲ್ಲಿ ಎಳೆದಾಟ ಪ್ರಾಣಕ್ಕೇ ಬರುತ್ತದೆ.

ಚೈನ್ ಎಳೆಯಬೇಕೇ? ಸಕಾರಣವಿಲ್ಲದೆ ಎಳೆಯುವುದು ಮಾತ್ರ ರೈಲ್ವೆ ಕಾಯ್ದೆಯ 141ನೆಯ ಕಲಂ ಪ್ರಕಾರ ಅಪರಾಧ. ಹಲ್ಲೆ ನಡೆಯುತ್ತಿರುವಾಗ ಎಳೆದರೆ ಅದು ಸಕಾರಣವೇ. ಆದರೆ ಎರಡು ನಿಲ್ದಾಣಗಳ ನಡುವೆ ನಿಂತ ಗಾಡಿಯಿಂದ ಅವನು ಹಳಿಗೆ ಹಾರಿ ಓಡಬಹುದು, ಸಹಾಯ ಅಲ್ಲಿಗೆ ಬರುವುದೂ ತಡ. ಸ್ಲೋ ಗಾಡಿಯಲ್ಲಿ ಮುಂದಿನ ನಿಲ್ದಾಣ ಕೆಲವೇ ನಿಮಿಷಗಳಲ್ಲಿ ಬರುವುದರಿಂದ, ಪ್ರಾಣಾಪಾಯವಿಲ್ಲದಿದ್ದರೆ ಅಲ್ಲಿಯವರೆಗೆ ಅವನನ್ನು ಜನರ ಕಣ್ಣಳತೆಯಲ್ಲಿಟ್ಟು 1512ಕ್ಕೋ 139ಕ್ಕೋ ಫೋನು ಮಾಡುವುದು ಹೆಚ್ಚು ಫಲಕಾರಿ. ಫಾಸ್ಟ್ ಗಾಡಿಯಲ್ಲಿ ಲೆಕ್ಕ ಬೇರೆ, ನಿಲ್ದಾಣ ದೂರವಿದ್ದಷ್ಟೂ ಚೈನಿಗೆ ಕಾರಣ ಬಲವಾಗುತ್ತದೆ.

ಐದನೆಯ ಹೆಜ್ಜೆ: ಗುರುತುಗಳನ್ನು ಉಳಿಸಿಕೊಳ್ಳುವುದು

ಇಳಿದ ಕೂಡಲೇ, ನೀರು ಕುಡಿಯುವ ಮೊದಲೇ, ಫೋನಿನಲ್ಲಿ ನಿಮಗೆ ನೀವೇ ಒಂದು ವಾಯ್ಸ್ ಮೆಸೇಜ್ ಮಾಡಿಕೊಳ್ಳಿ. ಉದಾಹರಣೆಗೆ: "ಸಂಜೆಯ 6.42ರ ಕಲ್ಯಾಣ ಸ್ಲೋ, ಘಾಟ್ಕೋಪರ್ ದಾಟಿದ ಮೇಲೆ, ಮುಂದಿನಿಂದ ಮೂರನೆಯ ಡಬ್ಬಿ, ಎರಡನೆಯ ಬಾಗಿಲು. ಸುಮಾರು ಮೂವತ್ತು ವಯಸ್ಸು, ಬೂದು ಟೀ ಶರ್ಟು, ಕಪ್ಪು ಬ್ಯಾಗು, ಎಡಗೈಗೆ ಕೆಂಪು ದಾರ. ಹಿಂದಿನಿಂದ ಸೊಂಟಕ್ಕೆ ಕೈಹಾಕಿದ, ತಿರುಗಿದಾಗ ನಕ್ಕ, ವಿಕ್ರೋಳಿಯಲ್ಲಿ ಇಳಿದು ಸೇತುವೆಯ ಕಡೆ ಹೋದ." ಗಾಡಿಯ ವೇಳೆ, ಡಬ್ಬಿ, ಇಳಿದ ನಿಲ್ದಾಣ ಇವು ಮೂರಿದ್ದರೆ ಪೊಲೀಸರು ಸಿಸಿಟಿವಿಯಲ್ಲಿ ಎಲ್ಲಿ ನೋಡಬೇಕೆಂದು ತಿಳಿಯುತ್ತದೆ. ದೃಶ್ಯಗಳು ಹೆಚ್ಚು ದಿನ ಉಳಿಯುವುದಿಲ್ಲ, ಹಳೆಯದರ ಮೇಲೆ ಹೊಸದು ದಾಖಲಾಗುತ್ತ ಹೋಗುತ್ತದೆ. ಆದುದರಿಂದ ದೂರಿನಲ್ಲೇ "ಸಿಸಿಟಿವಿ ದೃಶ್ಯವನ್ನು ಕಾಯ್ದಿಡಬೇಕು" ಎಂದು ಒಂದು ವಾಕ್ಯ ಬರೆಯಿರಿ. ಟಿಕೆಟ್ಟನ್ನು ಎಸೆಯಬೇಡಿ. ನೋಡಿದವರೊಬ್ಬರ ಫೋನ್ ನಂಬರು ಕೇಳಿ ಪಡೆಯಿರಿ, ನಿಲ್ದಾಣ ಬಂದೊಡನೆ ಅವರೂ ಜನಸಾಗರದಲ್ಲಿ ಕರಗಿಹೋಗುತ್ತಾರೆ. ಬಟ್ಟೆ ಹರಿದಿದ್ದರೆ, ಕಲೆಯಾಗಿದ್ದರೆ ತೊಳೆಯದೆ ಕಾಗದದ ಚೀಲದಲ್ಲಿಡಿ.

ಆರನೆಯ ಹೆಜ್ಜೆ: ಠಾಣೆಯಲ್ಲಿ

ಪ್ಲಾಟ್‌ಫಾರ್ಮಿನಲ್ಲಿ ಕಾಣುವ ಸಮವಸ್ತ್ರಗಳಲ್ಲಿ ಎರಡು ಬಗೆ. ಆರ್‌ಪಿಎಫ್ ರೈಲ್ವೆ ಇಲಾಖೆಯ ಪಡೆ; ಜಿಆರ್‌ಪಿ ರಾಜ್ಯ ಪೊಲೀಸರ ರೈಲ್ವೆ ವಿಭಾಗ. ಹಿಡಿಯಲು, ತಡೆಯಲು ಆರ್‌ಪಿಎಫ್‌ನವರೂ ಸಹಾಯ ಮಾಡುತ್ತಾರೆ, ಆದರೆ ಇಂಥ ಅಪರಾಧದ ಎಫ್‌ಐಆರ್ ದಾಖಲಾಗುವುದು ಜಿಆರ್‌ಪಿ ಠಾಣೆಯಲ್ಲಿ. ದಾದರ್, ಕುರ್ಲಾ, ಥಾಣೆ, ಡೊಂಬಿವಲಿ, ಕಲ್ಯಾಣ, ಅಂಧೇರಿ, ಬೋರಿವಲಿ ಮೊದಲಾದ ಕಡೆ ಆ ಠಾಣೆಗಳಿವೆ. ಘಟನೆ ನಡೆದದ್ದು ಬೇರೆ ಠಾಣೆಯ ಹದ್ದಿನಲ್ಲಿ ಎಂದು ನಿಮ್ಮನ್ನು ಓಡಾಡಿಸುವಂತಿಲ್ಲ: ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಕಲಂ ಪ್ರಕಾರ ಹದ್ದು ಯಾವುದೇ ಇದ್ದರೂ ದೂರು ದಾಖಲಿಸಿಕೊಳ್ಳಬೇಕು. ಜೀರೊ ಎಫ್‌ಐಆರ್ ಎಂದು ಕರೆಯುವುದು ಇದನ್ನೇ. ಅದೇ ಕಲಮಿನಡಿ ಇಮೇಲ್‌ನಂಥ ವಿದ್ಯುನ್ಮಾನ ಮಾರ್ಗದಿಂದಲೂ ಮಾಹಿತಿ ಕೊಡಬಹುದು. ಮೂರು ದಿನದೊಳಗೆ ಹೋಗಿ ಸಹಿ ಮಾಡಬೇಕು. ನಿಮ್ಮ ಹೇಳಿಕೆಯನ್ನು ಮಹಿಳಾ ಅಧಿಕಾರಿಯೇ ಬರೆದುಕೊಳ್ಳಬೇಕೆಂಬುದೂ ಅಲ್ಲೇ ಇದೆ.

ಒಳಗೆ ಹೋಗಿ "ಮಲಾ ತಕ್ರಾರ್ ನೋಂದವಾಯಚೀ ಆಹೇ", ಅಂದರೆ ದೂರು ದಾಖಲಿಸಬೇಕಾಗಿದೆ ಎನ್ನಿ. ಕಾಗದದಲ್ಲಿ "ವಿನಯಭಂಗ" ಎಂಬ ಪದ ಕಂಡರೆ ಅದೇ ನಿಮ್ಮ ದೂರಿನ ಅಪರಾಧವೆಂದು ತಿಳಿಯಿರಿ. ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಬರೆದು ಕೊಟ್ಟರೂ ಆಗುತ್ತದೆ. ಜೊತೆಗೆ ಮರಾಠಿ ಓದಬಲ್ಲ ಒಬ್ಬರಿದ್ದರೆ ಒಳ್ಳೆಯದು. ಬರೆದದ್ದನ್ನು ನಿಮಗೆ ಓದಿ ಹೇಳುವುದು ಪೊಲೀಸರ ಕರ್ತವ್ಯ. "ಧಕ್ಕಾ ಲಾಗ್ಲಾ" ಎಂದು, ಅಂದರೆ ಬರೀ ತಳ್ಳಾಟವಾಯಿತೆಂದು ಬರೆದಿದ್ದರೆ ಅಲ್ಲೇ ತಿದ್ದಿಸಿ, ಎಲ್ಲಿ ಹೇಗೆ ಮುಟ್ಟಿದನೆಂಬುದು ಸ್ಪಷ್ಟವಾಗಿ ಬರಬೇಕು. ನಾಚಿಕೆಯಿಂದ "ಅಸಭ್ಯವಾಗಿ ವರ್ತಿಸಿದ" ಎಂದಷ್ಟೇ ಹೇಳಿದರೆ ಪ್ರಕರಣ ಅಲ್ಲೇ ಬಡವಾಗುತ್ತದೆ.

ಹೆಚ್ಚಿನವರು ಸೋಲುವುದು ಎನ್‌ಸಿಯಲ್ಲಿ. "ಎನ್‌ಸಿ ಬರೆದುಕೊಳ್ಳುತ್ತೇವೆ, ಹೋಗಿ ಬನ್ನಿ" ಎಂದು ಒಂದು ಚೀಟಿ ಕೊಟ್ಟು ಕಳುಹಿಸಿದರೆ ಕೆಲಸವಾಯಿತೆಂದು ಅನೇಕರು ನಂಬುತ್ತಾರೆ. ಎನ್‌ಸಿ ಎಂಬುದು ಪೊಲೀಸರು ತಾವಾಗಿ ತನಿಖೆ ಮಾಡಲಾಗದ ಸಣ್ಣ ಅಪರಾಧಗಳ ದಾಖಲೆ. ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ಅದು ಮುಂದೆ ಸಾಗುವುದಿಲ್ಲ. 74, 75, 79 ಮೂರೂ ಸಂಜ್ಞೇಯ, ಅಂದರೆ ಪೊಲೀಸರು ತಾವಾಗಿಯೇ ತನಿಖೆ ಮಾಡಬಹುದಾದ ಅಪರಾಧಗಳು, ಅವಕ್ಕೆ ಎಫ್‌ಐಆರ್ ಆಗಲೇಬೇಕು. 74ನೆಯ ಕಲಮಿನ ದೂರನ್ನು ದಾಖಲಿಸದ ಅಧಿಕಾರಿಗೆ ನ್ಯಾಯ ಸಂಹಿತೆಯ 199ನೆಯ ಕಲಮಿನಲ್ಲಿ ಜೈಲುಶಿಕ್ಷೆಯೇ ಇದೆ. ಜಗಳವಾಡದೆ, "ಸಾಹೇಬ್, 74 ಲಾಗ್ತೊ, ಎಫ್‌ಐಆರ್ ಕರಾ" (74 ಅನ್ವಯಿಸುತ್ತದೆ, ಎಫ್‌ಐಆರ್ ಮಾಡಿ) ಎಂದು ಶಾಂತವಾಗಿ ಹೇಳಿ ನೋಡಿ. ಕಲಂ ಗೊತ್ತಿರುವವರೊಡನೆ ಮಾತಿನ ಧಾಟಿ ಬದಲಾಗುತ್ತದೆ. ಆಗಲೂ ಒಪ್ಪದಿದ್ದರೆ ದೂರಿನ ಸಾರಾಂಶವನ್ನು ಮೇಲಧಿಕಾರಿಗೆ ಅಂಚೆಯಲ್ಲಿ ಕಳುಹಿಸಬಹುದು, ಅದಕ್ಕೂ ಉತ್ತರ ಬಾರದಿದ್ದರೆ ಮ್ಯಾಜಿಸ್ಟ್ರೇಟರ ಬಳಿ ಹೋಗಬಹುದು. ಎಫ್‌ಐಆರ್‌ನ ಪ್ರತಿ ಉಚಿತ. ಅದನ್ನು ಕೈಯಲ್ಲಿ ಹಿಡಿಯದೆ ಹೊರಬರಬೇಡಿ.

ಬಸ್ಸು, ಆಟೊ, ಕಂಪನಿ ಗಾಡಿ, ಊರಿನ ಪ್ರಯಾಣ

ಮುಂಬಯಿಯ ಬೆಸ್ಟ್ ಬಸ್ಸಿನಲ್ಲಾಗಲಿ ಪುಣೆಯ ಪಿಎಂಪಿಎಂಎಲ್ ಬಸ್ಸಿನಲ್ಲಾಗಲಿ ಕ್ರಮ ಇದೇ: ಗಟ್ಟಿಯಾಗಿ ಹೇಳಿ, ಕಂಡಕ್ಟರಿಗೆ, ಅವನಿಲ್ಲದಿದ್ದರೆ ಚಾಲಕನಿಗೆ ತಿಳಿಸಿ, ಬಸ್ಸನ್ನು ಹತ್ತಿರದ ಠಾಣೆಯ ಮುಂದೆ ನಿಲ್ಲಿಸುವಂತೆ ಕೇಳಿ. ಬಸ್ಸಿನ ನೋಂದಣಿ ಸಂಖ್ಯೆ ಮಾರ್ಗದ ಸಂಖ್ಯೆಗಿಂತ ಮುಖ್ಯ. ಎರಡೂ ನಗರಗಳಲ್ಲಿ ತೇಜಸ್ವಿನಿ ಎಂಬ ಮಹಿಳಾ ಬಸ್ಸುಗಳು ಆರಂಭವಾದವು. ನಿಮ್ಮ ದಾರಿಯಲ್ಲಿ ಇದ್ದರೆ ಬಳಸಿಕೊಳ್ಳಿ. ಆಟೊ ಹತ್ತುವ ಮೊದಲು ನಂಬರಿನ ಫೋಟೊ ಮನೆಗೆ ಕಳುಹಿಸಿ; ಶೇರ್ ಆಟೊದಲ್ಲಿ ಅಂಚಿನ ಸೀಟು ಕೇಳಿ.

ಹಿಂಜವಡಿಯಲ್ಲೋ ಐರೋಲಿಯಲ್ಲೋ ಕೆಲಸ ಮಾಡುವವರು ಗಮನಿಸಬೇಕಾದದ್ದೊಂದಿದೆ. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯ ಪ್ರಕಾರ ಮಾಲೀಕರು ಒದಗಿಸಿದ ವಾಹನವೂ ಕೆಲಸದ ಸ್ಥಳವೇ. ಕಂಪನಿಯ ಕ್ಯಾಬಿನಲ್ಲಿ ಸಹೋದ್ಯೋಗಿಯಿಂದಲೋ ಚಾಲಕನಿಂದಲೋ ಕಿರುಕುಳವಾದರೆ ಪೊಲೀಸ್ ದೂರಿನ ಜೊತೆಗೇ ಮೂರು ತಿಂಗಳೊಳಗೆ ಕಂಪನಿಯ ಆಂತರಿಕ ಸಮಿತಿಗೂ ಲಿಖಿತ ದೂರು ಕೊಡಬಹುದು.

ಮತ್ಸ್ಯಗಂಧಾದಲ್ಲೋ ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲೋ ಒಬ್ಬರೇ ಊರಿಗೆ ಹೋಗುವ ಹೆಂಗಸರಿಗಾಗಿ ಆರ್‌ಪಿಎಫ್ 2020ರಲ್ಲಿ ಮೇರಿ ಸಹೇಲಿ ಎಂಬ ವ್ಯವಸ್ಥೆ ಮಾಡಿದೆ: ಹೊರಡುವ ನಿಲ್ದಾಣದಲ್ಲಿ ಮಹಿಳಾ ಸಿಬ್ಬಂದಿ ಸೀಟಿಗೆ ಬಂದು ಮಾತಾಡಿಸಿ, ವಿವರವನ್ನು ಮುಂದಿನ ನಿಲ್ದಾಣಗಳಿಗೆ ದಾಟಿಸುತ್ತಾರೆ. ಖಾಸಗಿ ಸ್ಲೀಪರ್ ಬಸ್ಸಿನಲ್ಲಿ ಅಪರಿಚಿತರ ಪಕ್ಕದ ಡಬಲ್ ಬರ್ತ್ ಬೇಡವೇ ಬೇಡ; ನೂರಿನ್ನೂರು ಹೆಚ್ಚಾದರೂ ಸಿಂಗಲ್ ಬರ್ತ್ ಕೊಳ್ಳಿ.

ನೋಡಿದವರು ಮಾಡಬಹುದಾದದ್ದು

ಗಂಡಸರೇ, ಮುಂದೆ ಹೋಗಿ ಕಾಲರ್ ಹಿಡಿಯುವುದೊಂದೇ ಸಹಾಯವಲ್ಲ. ನಡುವೆ ನಿಂತುಕೊಂಡು "ದಾದರ್ ಕಿಸ್ ಸೈಡ್ ಆಯೇಗಾ?" (ದಾದರ್ ಯಾವ ಬದಿಗೆ ಬರುತ್ತದೆ?) ಎಂದು ಆ ಹುಡುಗಿಯನ್ನೇ ಕೇಳಿ. ಲೋಕಲ್‌ನಲ್ಲಿ ದಿನಕ್ಕೆ ನೂರು ಸಲ ಕೇಳಿಬರುವ ಪ್ರಶ್ನೆ ಅದು. ಅಷ್ಟರಲ್ಲಿ ಜಾಗ ಬದಲಾಗುತ್ತದೆ, ಅವಳಿಗೂ ಜೊತೆ ಸಿಕ್ಕಂತಾಗುತ್ತದೆ. "ಬನ್ನಿ ಅಕ್ಕಾ, ಇಲ್ಲಿ ನಿಲ್ಲಿ" ಎಂದು ಕರೆಯುವುದೂ ಸಹಾಯವೇ. ಆಮೇಲೆ "ನಾನು ನೋಡಿದ್ದೇನೆ, ಠಾಣೆಗೆ ಬರುತ್ತೇನೆ" ಎನ್ನಿ. ದೂರು ನಿಲ್ಲುವುದು ಈ ಮಾತಿನ ಮೇಲೆ. ವಿಡಿಯೊ ಮಾಡಿದ್ದರೆ ಅವಳಿಗೂ ಪೊಲೀಸರಿಗೂ ಮಾತ್ರ ಕೊಡಿ, ಗ್ರೂಪುಗಳಿಗೆ ಹಾಕಬೇಡಿ. ಕಣ್ಣೆದುರೇ ನಡೆದ ಜಾಮೀನುರಹಿತ ಸಂಜ್ಞೇಯ ಅಪರಾಧದಲ್ಲಿ ಸಾಮಾನ್ಯ ನಾಗರಿಕರೂ ಆರೋಪಿಯನ್ನು ಹಿಡಿಯಬಹುದು, ಆರು ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಬೇಕು. ಹೊಡೆಯುವ ಅಧಿಕಾರ ಯಾರಿಗೂ ಇಲ್ಲ. ಜನ ಸೇರಿ ಹೊಡೆದರೆ ಅವನೇ ದೂರುದಾರನಾಗುತ್ತಾನೆ, ಹುಡುಗಿಯ ದೂರು ಹಿಂದೆ ಬೀಳುತ್ತದೆ.

ಮಕ್ಕಳ ವಿಷಯದಲ್ಲಿ ಆಯ್ಕೆಯಿಲ್ಲ. 18 ವರ್ಷದೊಳಗಿನವರ ಮೇಲೆ ನಡೆದದ್ದು ಗೊತ್ತಾದರೆ 2012ರ ಪೋಕ್ಸೊ ಕಾಯ್ದೆಯ 19ನೆಯ ಕಲಂ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ಈ ಕಾಯ್ದೆ ಗಂಡುಮಕ್ಕಳಿಗೂ ಸಮಾನವಾಗಿ ಅನ್ವಯಿಸುತ್ತದೆ. ಹುಡುಗರಿಗೂ ಹೀಗಾಗುತ್ತದೆಂದು ನಮ್ಮ ಮನೆಗಳಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಅದರಿಂದಾಗಿ ಹುಡುಗರೂ ಹೇಳುವುದಿಲ್ಲ. ಮಗುವಿನ ಹೇಳಿಕೆಯನ್ನು ಮನೆಯಲ್ಲೋ ಮಗು ಬಯಸಿದ ಜಾಗದಲ್ಲೋ, ಸಮವಸ್ತ್ರವಿಲ್ಲದ ಅಧಿಕಾರಿ ಬರೆದುಕೊಳ್ಳಬೇಕು. ಮಕ್ಕಳ ಸಹಾಯವಾಣಿ 1098.

ಕೊನೆಯ ಹೆಜ್ಜೆ: ದೂರಿನ ನಂತರದ ತಿಂಗಳುಗಳು

ಮನೆಯಲ್ಲಿ ಮೊದಲು ಬರುವ ಮಾತು "ಕೆಲಸ ಬಿಟ್ಟುಬಿಡು" ಎಂಬುದು. ಅಮ್ಮಂದಿರು, ಅತ್ತಿಗೆಯರು ದಯವಿಟ್ಟು ಇದನ್ನು ಹೇಳಬೇಡಿ. ಮುಂದಿನ ಸಲ ಅವಳು ನಿಮಗೇ ಹೇಳದೆ ಹೋಗುತ್ತಾಳೆ. ಕೆಲವು ದಿನ ಯಾರಾದರೂ ಅದೇ ಗಾಡಿಯಲ್ಲಿ ಜೊತೆಗೆ ಹೋಗಿ. ನಿದ್ರೆ ಬಾರದಿದ್ದರೆ, ಪ್ಲಾಟ್‌ಫಾರ್ಮು ಕಂಡರೆ ಎದೆ ಹೊಡೆದುಕೊಳ್ಳುತ್ತಿದ್ದರೆ ಟೆಲಿ ಮಾನಸ್ 14416ಕ್ಕೆ ಫೋನು ಮಾಡಬಹುದು.

ಎಫ್‌ಐಆರ್ ಪ್ರತಿ, ಟಿಕೆಟ್ಟು, ತನಿಖಾಧಿಕಾರಿಯ ಹೆಸರು ಮತ್ತು ನಂಬರು, ಪ್ರತಿ ಸಲ ಮಾತಾಡಿದ ದಿನಾಂಕ ಇವೆಲ್ಲ ಒಂದೇ ಫೈಲಿನಲ್ಲಿರಲಿ. ನಿಮ್ಮ ಹೇಳಿಕೆಯನ್ನು ಮ್ಯಾಜಿಸ್ಟ್ರೇಟರ ಮುಂದೆಯೂ ದಾಖಲಿಸುತ್ತಾರೆ. ಎಫ್‌ಐಆರ್‌ನಲ್ಲಿ ಹೇಳಿದ್ದನ್ನೇ ಅಲ್ಲಿ ನಿಧಾನವಾಗಿ ಹೇಳಬೇಕಾಗುವುದರಿಂದ, ಹಿಂದಿನ ರಾತ್ರಿ ನಿಮ್ಮ ವಾಯ್ಸ್ ಮೆಸೇಜನ್ನು ಒಮ್ಮೆ ಕೇಳಿಕೊಳ್ಳಿ. ವಿಚಾರಣೆಗೆಂದು ಮಹಿಳೆಯನ್ನು ಮನೆ ಬಿಟ್ಟು ಬೇರೆ ಕಡೆ ಬರಲು ಒತ್ತಾಯಿಸುವಂತಿಲ್ಲ. ತನಿಖೆ ಎಲ್ಲಿಯವರೆಗೆ ಬಂದಿದೆಯೆಂದು 90 ದಿನದೊಳಗೆ ಪೊಲೀಸರು ನಿಮಗೆ ತಿಳಿಸಬೇಕು. ತಿಳಿಸದಿದ್ದರೆ ಲಿಖಿತವಾಗಿ ಕೇಳಿ, ಕೇಳಿದ್ದಕ್ಕೆ ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ. ಅದೇ ಮನುಷ್ಯ ಮತ್ತೆ ಅದೇ ಗಾಡಿಯಲ್ಲಿ ಕಂಡರೆ ಅದನ್ನೂ ದಿನಾಂಕ ಸಮೇತ ತನಿಖಾಧಿಕಾರಿಗೆ ಬರೆದು ಕೊಡಿ. ವಕೀಲರ ಖರ್ಚಿಗೆ ಹೆದರಿ ಹಿಂದೆ ಸರಿಯುವ ಕಾರಣವಿಲ್ಲ: 1987ರ ಕಾನೂನು ಸೇವಾ ಪ್ರಾಧಿಕಾರ ಕಾಯ್ದೆಯ ಪ್ರಕಾರ ಮಹಿಳೆಯರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರು ಸಿಗುತ್ತಾರೆ. 15100ಕ್ಕೆ ಫೋನು ಮಾಡಬಹುದು, ಇಲ್ಲವೇ ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವಾ ಪ್ರಾಧಿಕಾರದ ಕಚೇರಿಯಲ್ಲಿ ಅರ್ಜಿ ಕೊಡಬಹುದು.